ವಾರಿಜಕ್ಕನಿಗೆ ನಾನು ಕಲಿಸಿದ ತಪ್ಪು ಕನ್ನಡ

ಮೂವತ್ತೊಂದು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ನಿವೃತ್ತಳಾದ ಮೇಲೆ ಒಬ್ಬ ಹೆಂಗಸಿಗೆ ಬೇಕೆಂದೇ ತಪ್ಪು ಕನ್ನಡ ಕಲಿಸಿದೆ. ಜನ ನಗಲಿ ಎಂದು ಕಲಿಸಿದೆ. ನಕ್ಕವರು ಆ ವಿಡಿಯೋವನ್ನು ಇನ್ನೊಬ್ಬರಿಗೆ ಕಳಿಸಲಿ, ನನ್ನ ಚಾನೆಲ್ ಬೆಳೆಯಲಿ ಎಂದು ಕಲಿಸಿದೆ. ಆ ಹೆಂಗಸು ನನ್ನಲ್ಲಿ ಕೇಳಿದ್ದು ಸರಿಯಾದ ಪದವನ್ನು. ಇದನ್ನೇ ಸ್ವಲ್ಪ ಮೆತ್ತಗೆ ಹೇಳುವ ವಾಕ್ಯ ಸಿಗುತ್ತದೋ ಎಂದು ನಾಲ್ಕು ದಿನ ಹುಡುಕಿದೆ — ಸಿಗಲಿಲ್ಲ.

ನೀವು ಅವರನ್ನು ನೋಡಿರಬಹುದು. ನೀಲಿ ಸೀರೆ, ಕುತ್ತಿಗೆಗೆ ಸುತ್ತಿದ ಬೈರಾಸು ಟವೆಲು, ಕೈಯಲ್ಲಿ ಸೌಟು. ಒಲೆಯ ಮುಂದೆ ನಿಂತು ಗಂಭೀರವಾಗಿ, "ಈಗ ರುಚಿಗೆ ತಕ್ಕಷ್ಟು ಉಪ್ಪು ಹಾಡಬೇಕು" ಎನ್ನುತ್ತಾರಲ್ಲ, ಅವರೇ ವಾರಿಜಕ್ಕ. ಆ ವಿಡಿಯೋ ನೋಡಿ ನೀವೂ ನಕ್ಕಿದ್ದರೆ ಅದರಲ್ಲಿ ನಿಮ್ಮ ತಪ್ಪಿಲ್ಲ. ನಗುವ ಹಾಗೆಯೇ ಅದನ್ನು ಮಾಡಿದ್ದು.

ವಾರಿಜಕ್ಕ ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಬಂಟ್ವಾಳದ ಕಡೆಯ ವಾಮದಪದವಿನಿಂದ ಸ್ವಲ್ಪ ಒಳಗೆ ಹೋದರೆ ಆ ಶಾಲೆ. ಗೇಟಿನೊಳಗೆ ಕನ್ನಡವನ್ನೇ ಮಾತಾಡಬೇಕು ಎಂಬ ನಿಯಮ ಮಕ್ಕಳಿಗಾಗಿ ಇದ್ದದ್ದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ವಾರಿಜಕ್ಕ ಅದನ್ನು ತಮಗೂ ಹಾಕಿಕೊಂಡರು. ಮನೆಯಲ್ಲಿ, ಬಸ್ಸಿನಲ್ಲಿ, ಮಹಿಳಾ ಸಂಘದಲ್ಲಿ ಎಲ್ಲ ತುಳುವೇ. ತುಳುವಿನಲ್ಲಿ ಅವರ ಬಾಯಿಗೆ ಎದುರು ನಿಲ್ಲುವವರು ಊರಲ್ಲಿ ಯಾರೂ ಇಲ್ಲ. ನನ್ನ ಹತ್ತಿರ ಮಾತ್ರ ಗೇಟಿನ ಹೊರಗೂ ಕನ್ನಡ. ಹಳ್ಳದ ಮೇಲಿನ ಕಾಲುಸಂಕ ದಾಟುವವರ ಹಾಗೆ ಒಂದೊಂದೇ ಪದ ನೋಡಿ ನೋಡಿ ಇಡುತ್ತಾರೆ. ತುಳುವಿನಲ್ಲೇ ಮಾತಾಡಿ ಎಂದು ಒಮ್ಮೆ ಹೇಳಿದ್ದಕ್ಕೆ, "ನಿಮ್ಮ ಹತ್ತಿರ ಆದ್ರೂ ನಾಲ್ಕು ಮಾತು ಸರಿ ಕಲಿತೇನೆ ಟೀಚರ್" ಎಂದಿದ್ದರು. ಆ ಮಾತು ನೆನಪಾದಾಗಲೆಲ್ಲ ಈಗ ನನಗೆ —

ಇರಲಿ. ಮೊದಲಿನಿಂದ ಹೇಳುತ್ತೇನೆ.

ನಿವೃತ್ತಿಯ ಮರುವರ್ಷ ನಾನೊಂದು ಚಾನೆಲ್ ಶುರು ಮಾಡಿದೆ. ವ್ಯಾಕರಣ, ಛಂದಸ್ಸು, ಹಳೆಗನ್ನಡ ಪದ್ಯಗಳ ಅರ್ಥ. ಗೋಡೆಗೆ ಹಸಿರು ಬಟ್ಟೆ ಕಟ್ಟಿ, ಫೋನನ್ನು ಅಕ್ಕಿ ಡಬ್ಬಕ್ಕೆ ಆನಿಸಿ ಪಾಠ ಮಾಡಿದೆ. ನೋಡಿದವರಲ್ಲಿ ಅರ್ಧ ನಾನೇ. ವೀಕ್ಷಕರು ಎಷ್ಟನೇ ಸೆಕೆಂಡಿಗೆ ಎದ್ದು ಹೋದರು ಎಂಬುದನ್ನು ಒಂದು ಗೆರೆ ಎಳೆದು ತೋರಿಸುತ್ತಾರಲ್ಲ, ನನ್ನ ಪಾಠದ ಗೆರೆ ನಲುವತ್ತನೇ ಸೆಕೆಂಡಿಗೇ ನೆಲ ಮುಟ್ಟುತ್ತಿತ್ತು. ಮೂವತ್ತೊಂದು ವರ್ಷ ನನ್ನ ಕ್ಲಾಸಿನಿಂದ ಯಾರೂ ಎದ್ದು ಹೋಗಿರಲಿಲ್ಲ. ಹೋಗಲು ಬಿಟ್ಟಿರಲಿಲ್ಲ ಎನ್ನುವುದು ಸರಿ. ಹೆದರಿ ಕೂತಿದ್ದರೋ, ಕೇಳಲೆಂದು ಕೂತಿದ್ದರೋ ಎಂಬ ಸಂಶಯ ನನಗೆ ಹುಟ್ಟಿದ್ದೇ ಆ ಗೆರೆಯನ್ನು ನೋಡಿದ ಮೇಲೆ. ಹಣದ ಆಸೆ ನನಗಿರಲಿಲ್ಲ. ಕೇಳುವವರು ಬೇಕಿತ್ತು. ಅದು ಎಂಥ ಹಸಿವು ಎಂದು ಆಗ ಗೊತ್ತಿರಲಿಲ್ಲ.

ಒಂದು ಭಾನುವಾರ ವಾರಿಜಕ್ಕ ಬಂದಾಗ ಸುಮ್ಮನೆ ಅವರ ಹುರುಳಿ ಸಾರಿನ ವಿಡಿಯೋ ಮಾಡಿದೆ. ಅದರಲ್ಲಿ ಅವರು, "ಮಸಾಲೆ ನೈಸ್ ಕಡೆಯಬೇಕು" ಎಂದರು. ನಮ್ಮ ಕಡೆ ಅರೆಯುವುದಕ್ಕೆ ಹಾಗೆಯೇ ಹೇಳುವುದು, ತಪ್ಪೇನೂ ಇಲ್ಲ. ಆದರೆ ಘಟ್ಟದ ಮೇಲೆ ಕಡೆಯುವುದು ಎಂದರೆ ಮಜ್ಜಿಗೆ. ಯಾರೋ ಕೆಳಗೆ ಬರೆದರು: ಮಸಾಲೆ ಕಡೆದರೆ ಬೆಣ್ಣೆ ಬರುತ್ತಾ ಅಮ್ಮ? ಅದರ ಕೆಳಗೆ ನಗುವ ಮುಖಗಳ ಸಾಲು. ಅದು ನಮ್ಮ ಊರಿನ ಮಾತು, ಸರಿಯಾದ ಮಾತು ಎಂದು ಒಂದು ಸಾಲಿನ ಉತ್ತರ ನಾನು ಬರೆಯಬಹುದಿತ್ತು. ಕನ್ನಡ ಟೀಚರಿಗೆ ಅದೇನು ದೊಡ್ಡ ಕೆಲಸ? ನಾನು ಆ ಕಮೆಂಟಿಗೆ ಒಂದು ಹೃದಯದ ಗುರುತು ಒತ್ತಿದೆ. ಗೆರೆ ನೋಡಿದೆ — ಕೊನೆಯವರೆಗೂ ನಿಂತಿತ್ತು.

ಆಮೇಲೆ ಮೀನು 'ಕಾಯಿಸಿದರು', ನಮ್ಮಲ್ಲಿ ಹುರಿಯುವುದಕ್ಕೆ ಹೇಳುವುದೇ ಹಾಗೆ, ಅದಕ್ಕೂ ನಕ್ಕರು. ವಾರಕ್ಕೊಂದು ವಿಡಿಯೋ. ಚಂದಾದಾರರು ಏರಿದರು. ಕಮೆಂಟುಗಳನ್ನು ವಾರಿಜಕ್ಕನ ಸೊಸೆ ಓದಿ ಹೇಳುತ್ತಿದ್ದಳು. ಬೇರೆ ಯಾರಾದರೂ ಆಗಿದ್ದರೆ ಸಿಟ್ಟು ಮಾಡುತ್ತಿದ್ದರು, ಇಲ್ಲವೇ ನಿಲ್ಲಿಸುತ್ತಿದ್ದರು. ಇವರು ಒಂದು ಹಳೆಯ ನೋಟು ಪುಸ್ತಕ ಹಿಡಿದುಕೊಂಡು ನನ್ನ ಮನೆಗೆ ಬಂದರು. ಕಡೆಯುವುದಕ್ಕೆ ಘಟ್ಟದವರು ಏನು ಹೇಳ್ತಾರೆ? ಕಾಯಿಸುವುದಕ್ಕೆ? ಬರೆದುಕೊಂಡರು. ಎರಡೇ ತಿಂಗಳಲ್ಲಿ ರುಬ್ಬಬೇಕು, ಹುರಿಯಬೇಕು, ಒಗ್ಗರಣೆ ಕೊಡಬೇಕು — ಒಂದು ತಪ್ಪಿಲ್ಲ. ಅರುವತ್ತರ ಹತ್ತಿರದ ಹೆಂಗಸು ಕಲಿತ ರೀತಿಗೆ ನಾನು ಕುಣಿದಾಡಬೇಕಿತ್ತು. ಅಂಥ ವಿದ್ಯಾರ್ಥಿ ನನಗೆ ಸಿಕ್ಕಿರಲೇ ಇಲ್ಲ.

ಗೆರೆ ಕೆಳಗೆ ಬಂತು. ನಗಲು ಏನೂ ಇಲ್ಲದಿದ್ದಾಗ ಜನ ಯಾಕೆ ಕೂರುತ್ತಾರೆ? ಹುರುಳಿ ಸಾರು ಎಲ್ಲರ ಮನೆಯಲ್ಲೂ ಉಂಟು.

ಇನ್ನು ಹೇಳುವುದು ನನಗೆ ಕಷ್ಟ. ಒಂದು ಮಧ್ಯಾಹ್ನ ಬಸಳೆ ಸಾರಿನ ವಿಡಿಯೋಕ್ಕೆ ತಯಾರಿ ಮಾಡುತ್ತಿದ್ದೆವು. ವಾರಿಜಕ್ಕ ಬಸಳೆಯ ದಂಟು ಮುರಿಯುತ್ತಾ ಕೇಳಿದರು, "ಟೀಚರ್, ಉಪ್ಪು ಹಾಕಬೇಕು ಅಂತ ಹೇಳಿದ್ರೆ ಸರಿ ಉಂಟಲ್ವಾ? ಅದ್ರಲ್ಲಿ ಏನೂ ತಪ್ಪಿಲ್ಲ ಅಲ್ವಾ?"

ಹಾಕು. ಕನ್ನಡದ ಮಕ್ಕಳು ಮಾತು ಬರುವಾಗಲೇ ಕಲಿಯುವ ಪದ. ತಪ್ಪಾದೀತೆಂಬ ಹೆದರಿಕೆ ಅಷ್ಟು ಒಳಗೆ ಹೋಗಿತ್ತು ಅವರಿಗೆ, ಅದನ್ನೂ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ನಾನು ಹೌದು ಎಂದಿದ್ದರೆ ಮುಗಿಯಿತು. ನಾನು ಹೇಳಿದೆ — "ಹಾಕು ಅಂತ ಬಾಯಿಮಾತಿಗೆ ಹೇಳ್ತಾರೆ ವಾರಿಜಕ್ಕ. ಶುದ್ಧ ಕನ್ನಡದಲ್ಲಿ ಅದು ಹಾಡು. ತುಳುವಿನ ಪ ಕನ್ನಡದಲ್ಲಿ ಹ ಆಗ್ತದೆ. ಪಿಲಿ ಹುಲಿ, ಪೊಸ ಹೊಸ, ಪಂಜಿ ಹಂದಿ. ನಾವು ತುಳುವಿನಲ್ಲಿ ಉಪ್ಪು ಪಾಡುವುದು ಅಂತ ಹೇಳುವುದಿಲ್ವಾ? ಹಾಗೆ."

ಮೊದಲೇ ಯೋಚಿಸಿಟ್ಟದ್ದೋ, ಬಾಯಿಗೆ ಆಗಲೇ ಬಂದದ್ದೋ, ಇವತ್ತಿಗೂ ನನಗೆ ತಿಳಿಯುವುದಿಲ್ಲ. ಪ ಹೋಗಿ ಹ ಬಂದದ್ದು ಕನ್ನಡದ ನಿಜವಾದ ಚರಿತ್ರೆ. ಅದನ್ನು ವರ್ಷ ವರ್ಷವೂ ಕಪ್ಪು ಹಲಗೆಯ ಮೇಲೆ ಬರೆದು ಕಲಿಸಿದ್ದೇನೆ. ಆ ನಿಜದ ಬಾಲಕ್ಕೆ ಒಂದು ಸುಳ್ಳು ಕಟ್ಟಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ನಾನು ಮಕ್ಕಳಿಂದ ಎಷ್ಟು ಬಾರಿ ಅರ್ಥ ಬರೆಸಿದ್ದೆನೋ.

ವಾರಿಜಕ್ಕ ಕೈ ನಿಲ್ಲಿಸಿದರು. "ಹಾಡುವುದು ಅಂದ್ರೆ ಪದ್ಯ ಹೇಳುವುದಲ್ವಾ ಟೀಚರ್?"

"ಅದೂ ಹೌದು, ಇದೂ ಹೌದು" ಎಂದೆ.

"ಇಷ್ಟು ವರ್ಷ ನಾನು ತಪ್ಪೇ ಹೇಳಿದ್ದಾ ಹಾಗಾದ್ರೆ" ಎಂದು ನಾಚಿಕೊಂಡರು. ನೋಟು ಪುಸ್ತಕ ತೆಗೆದು ಬರೆದುಕೊಂಡರು. ಫೋನಿನ ಮುಂದೆ ನಿಲ್ಲುವ ಮೊದಲು ಎರಡು ಸಲ ಬಾಯೊಳಗೇ ಹೇಳಿ ನೋಡಿದರು.

ಆ ವಿಡಿಯೋ ಹೋದ ಹಾಗೆ ನನ್ನ ಯಾವುದೂ ಹೋಗಲಿಲ್ಲ. ಯಾರೋ ಅದಕ್ಕೆ ಹಾರ್ಮೋನಿಯಂ ಸೇರಿಸಿದರು. ಯಾರೋ ಉಪ್ಪಿನ ಡಬ್ಬದ ಮುಂದೆ ಕಣ್ಣು ಮುಚ್ಚಿ ಆಲಾಪ ತೆಗೆದರು. ತಂಗಿಯ ಮನೆಗೆಂದು ಫರಂಗಿಪೇಟೆಯಲ್ಲಿ ಬಸ್ಸಿಳಿದ ವಾರಿಜಕ್ಕನನ್ನು ಕಾಲೇಜು ಹುಡುಗಿಯರು ಸುತ್ತುವರಿದು ಸೆಲ್ಫಿ ತೆಗೆದರಂತೆ, ಒಮ್ಮೆ ಹಾಡಿ ಆಂಟಿ ಎಂದರಂತೆ. ಅದನ್ನು ನನಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು. "ಗಂಡ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರೋ. ಎಲ್ಲ ನಿಮ್ಮಿಂದ ಆದದ್ದು ಟೀಚರ್."

ಇಲ್ಲಿಯೇ ನನಗೆ ಗೊಂದಲ. ಅವರು ಸಂತೋಷವಾಗಿದ್ದರು. ನಗುವವರೆಲ್ಲ ಪ್ರೀತಿಯಿಂದ ನಗುತ್ತಾರೆ ಎಂದು ನಂಬಿದ್ದರು, ಕೆಲವರದು ಪ್ರೀತಿಯೇ ಇದ್ದಿರಲೂಬಹುದು. ಹಾಗಾದರೆ ನಾನು ಕೊಟ್ಟದ್ದೋ, ಕಸಿದದ್ದೋ? ಸತ್ಯ ಹೇಳಿದರೆ ಆ ಸಂತೋಷವನ್ನೂ ಕಿತ್ತುಕೊಂಡ ಹಾಗಾಗುವುದಿಲ್ಲವೇ? ಹೀಗೆ ಯೋಚಿಸಿ ಯೋಚಿಸಿ, ಪ್ರತಿ ಭಾನುವಾರ ಒಂದು ವಿಡಿಯೋ ಹಾಕಿದೆ. ಅವರು ಅರಿಶಿನ ಹಾಡಿದರು, ಬೆಲ್ಲ ಹಾಡಿದರು. ನಾನು ತಲೆದೂಗಿದೆ.

ಕಳೆದ ವರ್ಷ ಅವರ ಮಹಿಳಾ ಸಂಘದ ವಾರ್ಷಿಕ ಸಭೆ ಬಂಟ್ವಾಳದಲ್ಲಿ ನಡೆಯಿತು. ಈಗ ಊರಿಗೆ ಗೊತ್ತಿರುವ ಮುಖವಲ್ಲವೇ, ಎರಡು ಮಾತಾಡಲು ಇವರನ್ನು ಕರೆದರು. ಜೀವನದಲ್ಲಿ ಮೊದಲ ವೇದಿಕೆ. ತುಳುವಿನಲ್ಲಿ ಮಾತಾಡಿದರೆ ಸಾಕು ಎಂದು ನಾನು ಹೇಳಿದೆ, ಇಲ್ಲವೆನ್ನುವುದಿಲ್ಲ. ಯಾಕೆ ಎಂದು ಅವರು ಕೇಳಿದಾಗ ಮಾತ್ರ ಮಾತು ತಿರುಗಿಸಿ, ಯಾವ ಸೀರೆ ಉಡುತ್ತೀರಿ ಎಂದೆ. "ದೊಡ್ಡವರೆಲ್ಲ ಬರ್ತಾರೆ, ಕನ್ನಡದಲ್ಲೇ ಮಾತಾಡ್ತೇನೆ. ಕಲಿತದ್ದು ಯಾವುದಕ್ಕೆ ಮತ್ತೆ?" ಎಂದರು.

ನಾನು ಎರಡನೇ ಸಾಲಿನಲ್ಲಿ ಕುಳಿತು ಫೋನ್ ಹಿಡಿದಿದ್ದೆ. ಅವರು ಅಡುಗೆಯ ಬಗ್ಗೆ ಮಾತಾಡಲಿಲ್ಲ. ತಮ್ಮ ಗಂಡ ಹಾಸಿಗೆ ಹಿಡಿದ ಎಂಟು ತಿಂಗಳ ಬಗ್ಗೆ ಮಾತಾಡಿದರು. ಸಂಘದವರು ಸರದಿಯಲ್ಲಿ ಬಂದು ಅವರನ್ನು ಮಗ್ಗುಲು ತಿರುಗಿಸಿದ್ದು, ಗಂಜಿ ಕುಡಿಸಿದ್ದು. ನಿಧಾನವಾಗಿ, ಒಂದೊಂದೇ ಪದ. ಆಮೇಲೆ ಹೇಳಿದರು — "ಅವರು ಹೋಗುವಾಗ ನಾನು ಶಾಲೆಯಲ್ಲಿ ಮಕ್ಕಳಿಗೆ ಬಡಿಸ್ತಾ ಇದ್ದೆ. ಅವರ ಬಾಯಿಗೆ ಕೊನೆಯ ನೀರು ಹಾಡಿದ್ದು ಈ ಅಕ್ಕಂದಿರು."

ಸಭೆ ನಕ್ಕಿತು. ಎಲ್ಲರೂ ಅಲ್ಲ. ಆ ಅಕ್ಕಂದಿರು ನಗಲಿಲ್ಲ. ಆದರೆ ಹಿಂದಿನ ಸಾಲುಗಳು, ವೇದಿಕೆಯ ಮೇಲಿದ್ದ ಇಬ್ಬರು — ಆ ಪದಕ್ಕೇ ಕಾದು ಕೂತವರ ಹಾಗೆ. ಕೆಲವರು ಚಪ್ಪಾಳೆ ತಟ್ಟಿದರು. ವಾರಿಜಕ್ಕ ಮಾತು ನಿಲ್ಲಿಸಿ, ಹಿಂದೆ ಯಾರಾದರೂ ಏನಾದರೂ ಮಾಡಿದರೇ ಎಂದು ತಿರುಗಿ ನೋಡಿದರು.

ಈಗ ಹೇಳುವುದನ್ನು ಯಾರೂ ನನ್ನಿಂದ ಕೇಳಿಲ್ಲ. ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಬಂದ ಮೊದಲ ಯೋಚನೆ — ಈ ವಿಡಿಯೋ ಓಡುತ್ತದೆ. ಫೋನ್ ಇಳಿಸಲಿಲ್ಲ. ಅವರ ಮುಖವನ್ನು ಇನ್ನಷ್ಟು ಹತ್ತಿರ ತಂದೆ. ನಾಚಿಕೆ ಬಂತು, ನಿಜ. ಎರಡನೆಯದಾಗಿ ಬಂತು.

ವಾಪಸು ಬರುವ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ಹೊರಗೆ ನೋಡುತ್ತಲೇ ಕೇಳಿದರು, "ಯಾಕೆ ನಗಾಡಿದ್ರು ಟೀಚರ್?"

"ಜನಕ್ಕೆ ಬುದ್ಧಿ ಇಲ್ಲ" ಎಂದೆ.

ಆ ವಿಡಿಯೋ ಹಾಕಲಿಲ್ಲ. ಅಳಿಸಲೂ ಇಲ್ಲ. ಮತ್ತೆ ಅವರ ಅಡುಗೆ ಚಿತ್ರೀಕರಿಸಲಿಲ್ಲ, ಕಣ್ಣಿನ ಆಪರೇಷನ್ ಎಂದು ನೆಪ ಹೇಳಿದೆ. ಒಂದೆರಡು ತಿಂಗಳು ಕಾದು ಅವರೇ ಬಂದರು. "ನನ್ನ ಕನ್ನಡ ಇನ್ನೂ ಸರಿ ಆಗ್ಲಿಲ್ಲವಾ?" ಎಂದು ಕೇಳಿದರು. ಇಲ್ಲ ಇಲ್ಲ, ಚೆನ್ನಾಗಿದೆ ಎಂದು ಚಹಾ ಕೊಟ್ಟು ಕಳಿಸಿದೆ. ನಿಲ್ಲಿಸಿದರೆ ಸಾಕು, ಎಲ್ಲ ತಾನಾಗಿ ಮಾಸಿ ಹೋಗುತ್ತದೆ ಎಂದುಕೊಂಡೆ. ಹೇಡಿಗಳ ಲೆಕ್ಕಾಚಾರವೇ ಹಾಗೆ.

ಮೊನ್ನೆ ಗುರುವಾರ ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ನನ್ನ ಜಾಗಕ್ಕೆ ಹೊಸದಾಗಿ ಬಂದ ಕನ್ನಡ ಮೇಷ್ಟ್ರು. ಹಾವೇರಿ ಕಡೆಯವರು, ಸಾಧು ಮನುಷ್ಯ. "ಮೇಡಂ, ಒಂದು ಸಂದೇಹ. ವಾರಿಜಕ್ಕ ಊಟದ ಹೊತ್ತಲ್ಲಿ ಉಪ್ಪು ಹಾಡ್ತೇನೆ ಅಂದ್ರು. ಹಾಕ್ತೇನೆ ಅನ್ಬೇಕು ಅಕ್ಕ ಅಂದೆ. ಮಕ್ಕಳ ಎದುರು ಹೇಳಬಾರದಿತ್ತೇನೋ, ಬಹಳ ಬೇಜಾರು ಮಾಡ್ಕೊಂಡಿದ್ದಾರೆ. ನೀವೇ ಕಲಿಸಿದ್ದು, ಶುದ್ಧ ಕನ್ನಡ ಅಂತಾರೆ. ಹಳೆಗನ್ನಡದಲ್ಲಿ ಆ ಅರ್ಥ ಇದೆಯಾ ಮೇಡಂ? ಸ್ಪೀಕರಿನಲ್ಲಿಟ್ಟಿದ್ದೀನಿ, ಅವರೂ ಇಲ್ಲೇ ಇದ್ದಾರೆ."

ಹಿಂದೆ ತಟ್ಟೆಗಳ ಸದ್ದು, ಮಕ್ಕಳ ಗದ್ದಲ. ಅಷ್ಟು ಸುಲಭದ ಅವಕಾಶ ದೇವರು ಯಾರಿಗೂ ಕೊಡುವುದಿಲ್ಲ. ಇಲ್ಲ ಎಂಬ ಎರಡಕ್ಷರ.

"ಉಂಟು" ಎಂದೆ.

ವಾರಿಜಕ್ಕನ ದನಿ ಕೇಳಿಸಿತು. ಗೆದ್ದವರ ದನಿಯಲ್ಲ, ನನ್ನ ಪರವಾಗಿ ನೋವಾದವರ ದನಿ. "ನೋಡಿ ಸಾರ್, ನಾನು ಹೇಳ್ಲಿಲ್ವಾ. ನನಗೆ ಎಷ್ಟು ಬೇಕಾದ್ರೂ ಹೇಳಿ. ಟೀಚರ್ ತಪ್ಪು ಕಲಿಸುವವರಲ್ಲ." ಮೇಷ್ಟ್ರು ಸ್ಪೀಕರ್ ಆರಿಸಿ, ದನಿ ತಗ್ಗಿಸಿ, "ಸರಿ ಮೇಡಂ" ಎಂದು ಫೋನ್ ಇಟ್ಟರು. ಅವರಿಗೆ ನಿಜ ತಿಳಿದಿದೆ ಎಂದು ನನಗೆ ಅನ್ನಿಸುತ್ತದೆ.

ಚಾನೆಲಿನಿಂದ ಆ ವಿಡಿಯೋಗಳನ್ನೆಲ್ಲ ನಿನ್ನೆ ತೆಗೆದೆ. ತೆಗೆದು ಏನು ಬಂತು? ಹಾರ್ಮೋನಿಯಂ ಸೇರಿಸಿದವು, ಆಲಾಪ ತೆಗೆದವು ಊರೂರು ತಿರುಗುತ್ತಿವೆ, ಅವು ನನ್ನ ಕೈಗೆ ಸಿಗುವುದಿಲ್ಲ. ಸಭೆಯ ವಿಡಿಯೋವನ್ನು ಮಾತ್ರ ಇನ್ನೂ ಇಟ್ಟಿದ್ದೇನೆ. ಅದನ್ನು ಅಳಿಸುವ ಹಕ್ಕು ಈಗ ವಾರಿಜಕ್ಕನದು ಎಂದು ನನಗೆ ತೋರುತ್ತದೆ. ಇದೂ ಸರಿಯೋ ತಪ್ಪೋ ತಿಳಿಯದು.

ನಾಳೆ ಊಟದ ಗಂಟೆಗೆ ಶಾಲೆಗೆ ಹೋಗುತ್ತೇನೆ. ಮೇಷ್ಟ್ರ ಎದುರಿಗೇ ಹೇಳುತ್ತೇನೆ, ತುಳುವಿನಲ್ಲಿ ಹೇಳುತ್ತೇನೆ. ಕನ್ನಡದಲ್ಲಾದರೆ ಅಡಗಿಕೊಳ್ಳಲು ನನಗೆ ಬೇಕಾದಷ್ಟು ಪದಗಳಿವೆ. ವಾರಿಜಕ್ಕ, ಹಾಕು ಎಂಬುದೇ ಸರಿ, ನೀವು ಮೊದಲಿಂದ ಹೇಳುತ್ತಿದ್ದದ್ದೇ ಸರಿ. ನನ್ನ ಹತ್ತಿರ ಕೇಳಬೇಕಾಗಿಯೇ ಇರಲಿಲ್ಲ. ಇಷ್ಟು ಹೇಳುವುದನ್ನು ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದ್ದೇನೆ.

ಅವರು ಆಗ, ಮತ್ತೆ ಯಾಕೆ ಟೀಚರ್ ಹಾಗೆ ಹೇಳಿದ್ದು ಎಂದು ಕೇಳುತ್ತಾರೆ. ಜನ ನಿಮ್ಮನ್ನು ನೋಡಿ ನಗಲಿ ಎಂದು — ಇಷ್ಟೇ ಉತ್ತರ. ಅವರ ಮುಖ ನೋಡಿಕೊಂಡು ಅದನ್ನು ಹೇಳಿ, ಅವರು ಏನು ಹೇಳಿದರೂ ಕೇಳಿಸಿಕೊಂಡು ಬರಬೇಕು.