ನಾವೇ ಕಿತ್ತ ಬೇಲಿ

ಕ್ಯಾಲಿಫೋರ್ನಿಯಾದ ಡೈಮಂಡ್ ಬಾರ್ ಊರಿನ ನಮ್ಮ ಹಿತ್ತಲಲ್ಲಿ ಒಂದು ಅಕ್ರೋಟ್ ಮರವಿತ್ತು. ಯಾರೂ ನೆಟ್ಟದ್ದಲ್ಲ, ಈ ಬೆಟ್ಟದ್ದೇ. ಕಾಯಿ ಒಡೆದರೆ ಬರೀ ಚಿಪ್ಪು, ತಿರುಳು ನಾಮಕಾವಸ್ತೆ. ಆದರೂ ಅಡುಗೆಮನೆ ಕಿಟಕಿಗೆ ನೆರಳು ಅದರದ್ದೇ. ಅದು ಹೋದ ಕತೆ ಹೇಳುವಾಗ ಈಗಲೂ ನನ್ನ ದನಿ ಏರುತ್ತದೆ; ಏರಲಿ.

ಪಕ್ಕದ ಮನೆಯವಳು ಉಡುಪಿ ಕಡೆಯವಳು, ನನಗೆ ಒಡಹುಟ್ಟಿದವಳಿಗಿಂತ ಹೆಚ್ಚು. ಎರಡು ಹಿತ್ತಲುಗಳ ನಡುವೆ ಗೆದ್ದಲು ತಿಂದ ಹಲಗೆ ಬೇಲಿಯಿತ್ತು; ಮರ ಅದರ ಈಚೆ, ನಮ್ಮ ಕಡೆಗೆ. ಕೊರೊನಾ ಬಂದು ಎಲ್ಲರೂ ಮನೆಯೊಳಗೆ ಕೂತ ಬೇಸಿಗೆಯಲ್ಲಿ ಅವಳೇ ಅಂದಳು, "ನಮಗೆ ಎಂತಕ್ಕೆ ಮಾರಾಯ್ತಿ ಬೇಲಿ? ಕಿತ್ತು ಹಾಕುವ." ಗಂಡಸರಿಬ್ಬರೂ ಸೇರಿ ಕಿತ್ತರು. ಬೇಲಿ ಎಲ್ಲಿತ್ತೆಂದು ಯಾರೂ ಗುರುತು ಇಟ್ಟುಕೊಳ್ಳಲಿಲ್ಲ. ನಮ್ಮವರ ಹತ್ತಿರ 'ಬರೆದುಕೊಡು' ಎನ್ನಲು ನಮಗೆ ನಾಲಿಗೆ ಏಳುವುದಿಲ್ಲ. ಆಮೇಲೆ ದಿನಾ ಸಂಜೆ ಆ ಮರದ ಕೆಳಗೆ ಎರಡು ಕುರ್ಚಿ ದೂರದೂರ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದೆವು.

ಗೌರಿ ಹಬ್ಬಕ್ಕೆ ಬಾಗಿನ ಕೊಡುವುದನ್ನು ಅವಳಿಗೆ ಕಲಿಸಿದ್ದು ನಾನು. ಅವಳ ಮನೆಯಲ್ಲಿ ಆ ಪದ್ಧತಿ ಇರಲಿಲ್ಲ. ಇಲ್ಲಿ ಮೊರ ಸಿಗದೆ ಸ್ಟೀಲ್ ತಟ್ಟೆಯಲ್ಲೇ ಬಳೆ, ಅರಿಶಿನ, ಬೇಳೆ, ಬೆಲ್ಲ ಜೋಡಿಸಿ, ಸೆರಗಿನ ಮರೆಯಲ್ಲಿ ಹಿಡಿದು, ಹಿತ್ತಲಿನಿಂದಲೇ ಬರುತ್ತಿದ್ದಳು. ಮುತ್ತೈದೆ ತಂದ ಬಾಗಿನ ಬೇಡ ಎನ್ನಬಾರದು ಎಂದೂ ನಾನೇ ಹೇಳಿದ್ದೆ.

ಕೊರೊನಾ ಇಳಿದ ಮೇಲೆ ನಾನು ಭಾನುವಾರಗಳಲ್ಲಿ ಈಗ ಮ್ಯೂಸಿಯಂ ಆಗಿರುವ ಒಂದು ಹಳೆಯ ರಾಂಚೋ ಮನೆಯಲ್ಲಿ, ನೋಡಲು ಬಂದವರಿಗೆ ಕತೆ ಹೇಳುವ ಸ್ವಯಂಸೇವೆಗೆ ಸೇರಿದೆ. ಹಸಿ ಇಟ್ಟಿಗೆಯ ದಪ್ಪ ಗೋಡೆಗಳ ಮನೆ. ಈ ಸೀಮೆ ಮೆಕ್ಸಿಕೋದ ಕೈಯಲ್ಲಿದ್ದಾಗ ಅಲ್ಲಿನ ಗವರ್ನರು ದನ ಮೇಯಿಸಲು ಬೆಟ್ಟ ಬೆಟ್ಟಗಳನ್ನೇ ಒಬ್ಬೊಬ್ಬರಿಗೆ ಉಂಬಳಿ ಕೊಡುತ್ತಿದ್ದರು; ಅದಕ್ಕೇ ರಾಂಚೋ ಎನ್ನುವುದು. ಕುದುರೆ ಮೇಲೆ ಇಬ್ಬರು ಹಗ್ಗ ಹಿಡಿದು ಅಳೆದರೆ ಮುಗಿಯಿತು. ಗಡಿಗೆ ಒಂದು ಮರ, ಒಂದು ಹಳ್ಳ, ಒಂದು ಬಂಡೆ. ನಮ್ಮ ಬೆಟ್ಟವೂ ಅಂಥದೇ ಒಂದು ರಾಂಚೋ. ಅದರ ಹೆಸರಿನ ಅರ್ಥವೇ ಅಕ್ರೋಟ್ ಮರಗಳು. ಆಮೇಲೆ ಅಮೆರಿಕ ಬಂತು, ನಿಮ್ಮದೆನ್ನಲು ಪುರಾವೆ ತನ್ನಿ ಎಂದಿತು. ಹಳ್ಳ ದಿಕ್ಕು ಬದಲಿಸಿತ್ತು, ಮರ ಬಿದ್ದಿತ್ತು. ಕೇಸು ವರ್ಷಗಟ್ಟಲೆ ಎಳೆದು, ಗೆದ್ದವರೂ ಲಾಯರುಗಳಿಗೆ ಜಮೀನನ್ನೇ ಫೀಸಾಗಿ ಕೊಟ್ಟು ಬರಿಗೈಯಾದರು.

ಒಂದು ಭಾನುವಾರ ಈ ಕತೆ ಕೇಳಲು ಪಕ್ಕದ ಮನೆಯವಳೂ ಬಂದಿದ್ದಳು. ಎಲ್ಲರೂ ಫೋಟೋ ತೆಗೆಯುತ್ತಿದ್ದರೆ ಅವಳೊಬ್ಬಳೇ ಕೇಳಿದಳು, "ಹಾಗಾದ್ರೆ ಮುಂಚೆಯೇ ಸರ್ವೆ ಮಾಡಿಸಿದ್ರೆ ಜಾಗ ಉಳೀತಿತ್ತಾ?" ಎಷ್ಟು ಚೆನ್ನಾಗಿ ಕೇಳಿಸಿಕೊಂಡಳಲ್ಲ ಎಂದು ನಾನು ಹಿಗ್ಗಿದೆ. ಮಂಕುದಿಣ್ಣೆ ನಾನು.

ಮುಂದಿನ ವರ್ಷ ಕಾರ್ಮೆಲ್ ವ್ಯಾಲಿಯ ನಾದಿನಿ ಮನೆಗೆ ವೀಕೆಂಡ್‌ಗೆ ಹೋಗಿ ಬಂದರೆ ಹಿತ್ತಲಲ್ಲಿ ಸರ್ವೆಯವರು ಗುಲಾಬಿ ರಿಬ್ಬನ್ ಕಟ್ಟಿ ನೆಟ್ಟ ಗೂಟಗಳು. ಮರ ಗೂಟದ ಆಚೆ, ಅವಳ ಕಡೆಗೆ. ಹಳೆಯ ಬೇಲಿಯೇ ತಪ್ಪು ಜಾಗದಲ್ಲಿತ್ತಂತೆ. ಅವಳು ಬಾಡಿಗೆಗೆ ಒಂದು ಪುಟ್ಟ ಮನೆ ಕಟ್ಟಿಸುತ್ತಾಳಂತೆ, ಸರಿಯಾಗಿ ಮರ ಇರುವ ಜಾಗದಲ್ಲೇ. ಸಿಟಿಯಿಂದ ಪರ್ಮಿಟ್ ಕೂಡ ಬಂದಿತ್ತು. ಅಂದರೆ ನನ್ನ ಜೊತೆ ಕಾಫಿ ಕುಡಿಯುತ್ತಲೇ ತಿಂಗಳುಗಟ್ಟಲೆ ಇದನ್ನು ನಡೆಸಿದ್ದಳು.

"ನನ್ನನ್ನ ಒಂದು ಮಾತು ಕೇಳಬಾರದಿತ್ತೇನೇ?" ಅಂದೆ.

"ಕೇಳಿದ್ರೆ ಮರ ಕಡೀಬೇಡ ಅಂತಿದ್ದಿ. ಬೇಜಾರು ಮಾಡ್ಬೇಡ ಮಾರಾಯ್ತಿ. ನೀನೇ ಹೇಳಿದ್ದಲ್ವಾ, ಬಾಯಿಮಾತು ನಂಬಿದವರೆಲ್ಲ ಜಾಗ ಕಳ್ಕೊಂಡ್ರು ಅಂತ."

ಗುರುವಿಗೇ ತಿರುಮಂತ್ರ ಅಂದರೆ ಇದು. ನಾನು ಆ ಕತೆಯನ್ನು ಕಳೆದುಕೊಂಡವರ ಕಡೆ ನಿಂತು ಹೇಳಿದ್ದೆ. ಅವಳು ಕಿತ್ತುಕೊಂಡವರ ಕಡೆ ಕೂತು ಕೇಳಿಸಿಕೊಂಡಿದ್ದಳು. ನಂಬಿಸಿ ಕತ್ತು ಕೊಯ್ದಳು ಎಂದು ಮನೆಯೊಳಗೆ ಬಂದು ಅತ್ತುಬಿಟ್ಟೆ. "ಬಿಡೇ, ಕೋರ್ಟಿಗೆ ಹೋದ್ರೆ ಇರೋ ಮನೇನೂ ಲಾಯರಿಗೇ ಬರೆದುಕೊಡಬೇಕಾಗತ್ತೆ," ಎಂದರು ನನ್ನ ಗಂಡ. ಅದೂ ನನ್ನ ಕತೆಯಿಂದಲೇ ಕಲಿತದ್ದು.

ಮರ ಕಡಿಯಲು ಒಂದು ಬೆಳಗ್ಗೆ ಸಾಕಾಯಿತು. ಗೋಡೆ ಎದ್ದಿತು. ಈಗ ಮಧ್ಯಾಹ್ನದ ಬಿಸಿಲು ನೇರ ಒಲೆಯ ಮೇಲೆ ಬೀಳುತ್ತದೆ. ನಾನು ಭಾನುವಾರದ ಸ್ವಯಂಸೇವೆ ಬಿಟ್ಟೆ.

ಆ ಸಲದ ಗೌರಿ ಹಬ್ಬದಲ್ಲಿ ಮುಂಬಾಗಿಲ ಬೆಲ್ ಆಯಿತು. ತೆರೆದರೆ ಅವಳು, ರೇಷ್ಮೆ ಸೀರೆ ಉಟ್ಟು, ತಟ್ಟೆಯನ್ನು ಸೆರಗಿನ ಮರೆಯಲ್ಲಿ ಹಿಡಿದು ನಿಂತಿದ್ದಳು. ಬಳೆ, ಅರಿಶಿನ, ಬೇಳೆ, ಬೆಲ್ಲ, ಎಲ್ಲ ಸರಿಯಾಗಿತ್ತು. ನಾನು ಬೇಡ ಎನ್ನುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಸೆರಗೊಡ್ಡಿ ತೆಗೆದುಕೊಂಡೆ. ಕುಂಕುಮ ತರಲು ಒಳಗೆ ಹೋಗುವಾಗ ಅವಳನ್ನು ಹೊರಗೇ ನಿಲ್ಲಿಸಿ ಬಾಗಿಲು ಹಾಕಿಕೊಂಡು ಹೋದೆ.