ಜಲಾಲುದ್ದೀನ್ ಸರ್ ಮತ್ತು ಅಳಿಸಿಹೋದ ಅಲರ್ಜಿ ಕಾಲಂ

ಹುಮನಾಬಾದ್ ಮತ್ತು ಬಸವಕಲ್ಯಾಣದ ಕಡೆ ರೋಗಿಗಳ ದಾಖಲೆಯನ್ನು ದಪ್ಪ ರಿಜಿಸ್ಟರುಗಳಿಂದ ಕಂಪ್ಯೂಟರಿಗೆ ತಂದ ಮೊದಲಿಗರಲ್ಲಿ ನಮ್ಮ ಟ್ರಸ್ಟ್ ಆಸ್ಪತ್ರೆಯ ಜಲಾಲುದ್ದೀನ್ ಸರ್ ಒಬ್ಬರು. ೧೯೯೧ರಲ್ಲಿ ಬಸವಕಲ್ಯಾಣದ ಶಾಖೆಗೆ ಟೈಪಿಸ್ಟ್ ಆಗಿ ಸೇರಿದ ಅವರು ತಾವಾಗಿಯೇ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತು, ಹುಮನಾಬಾದಿನಲ್ಲಿ ಕಂಪ್ಯೂಟರ್ ವಿಭಾಗವನ್ನು ಕಟ್ಟಿ, ನನ್ನಂಥ ಹಲವರಿಗೆ ಕೋಡ್ ಬರೆಯುವುದನ್ನು ಹೇಳಿಕೊಟ್ಟು ಈಗ ನಿವೃತ್ತರಾಗುತ್ತಿದ್ದಾರೆ. ಅವರ ಸೇವೆಯ ಬಗ್ಗೆ ಬರೆಯಲು ಕುಳಿತಾಗಲೆಲ್ಲ ನನಗೆ ನೆನಪಾಗುವುದು ೨೦೧೯ರ ಒಂದು ಮುಂಜಾನೆ.

ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ರೋಗಿಗಳ ಫೋನ್ ನಂಬರ್ ತಿದ್ದಲು ನಾನೊಂದು ವೆಬ್ ಫಾರ್ಮ್ ಮಾಡಿದ್ದೆ. ಹೆಸರು, ಊರು, ನಂಬರ್, ಅಷ್ಟೇ. ಫಾರ್ಮಿನಿಂದ ಬಂದದ್ದನ್ನು ನನ್ನ ಕೋಡ್ ಇಡೀ ದಾಖಲೆಯೆಂದೇ ತಿಳಿದು ಹಳೆಯದರ ಮೇಲೆ ಬರೆದುಬಿಡುತ್ತಿತ್ತು. ಫಾರ್ಮಿನಲ್ಲಿ, ಯಾವ ಔಷಧ ಆಗದೆಂದು ಬರೆಯುವ ಅಲರ್ಜಿಯ ಕಾಲಂ ಇರಲಿಲ್ಲ. ಹಾಗಾಗಿ ಯಾರ ನಂಬರ್ ತಿದ್ದಿದರೂ ಅವರ ಅಲರ್ಜಿಯ ಜಾಗ ಖಾಲಿಯಾಗುತ್ತಿತ್ತು. ಪರದೆಯ ಮೇಲೆ ಮಾತ್ರ ‘ಯಶಸ್ವಿಯಾಗಿ ಉಳಿಸಲಾಗಿದೆ’ ಎಂದು ಬರುತ್ತಿತ್ತು.

ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಮೂರನೆಯ ದಿನ ಬಸವಕಲ್ಯಾಣದ ಶಾಖೆಯಿಂದ ನರ್ಸ್ ಮೆಹರೀನ್ ಜಲಾಲುದ್ದೀನ್ ಸರ್‌ಗೆ ಫೋನ್ ಮಾಡಿದರು. “ಕೊಹಿನೂರ ಊರಿನ ರುಕ್ಮಿಣಿಬಾಯಿ ತಮಗ ಪೆನಿಸಿಲಿನ್ ಆಗಂಗಿಲ್ಲ ಅನ್ನಾಕತ್ತಾರ್ರಿ ಸರ್. ಇಲ್ಲಿ ನೋಡಿದ್ರ ಏನೂ ಕಾಣವಲ್ದು. ಸೂಜಿ ಕೈಯಾಗ ಹಿಡಕೊಂಡು ನಿಂತೀನಿ.”

ಸರ್ ನನ್ನನ್ನು ಬಯ್ಯಲಿಲ್ಲ. ಸೂಜಿ ಕೆಳಗಿಡಲು ಹೇಳಿ, ಫಾರ್ಮನ್ನು ನಿಲ್ಲಿಸಿ, ಕಂಪ್ಯೂಟರನ್ನು ನಂಬದೆ ಪ್ರತಿಯೊಬ್ಬರನ್ನೂ ಬಾಯಿಂದಲೇ ಕೇಳಬೇಕೆಂದು ಎರಡೂ ಶಾಖೆಗಳಿಗೆ ತಿಳಿಸಿದರು. ಆಮೇಲೆ ಹಳೆಯ ಬ್ಯಾಕಪ್ ತೆರೆದು ಹೋಲಿಸಿದೆವು. ತಿದ್ದಿದ ದಾಖಲೆಗಳು ಇನ್ನೂರ ಹದಿನಾಲ್ಕು. ಅಲರ್ಜಿ ಅಳಿಸಿಹೋದವರು ರುಕ್ಮಿಣಿಬಾಯಿ ಸೇರಿ ಐವರು. ಮೂವರು ಆ ದಿನಗಳಲ್ಲಿ ಚಿಕಿತ್ಸೆಗೆ ಬಂದಿರಲಿಲ್ಲ. ಐದನೆಯವರು ಘಾಟಬೋರಾಳದ ಕುರಿಗಾರ ಭೀಮಶಾ. ಆ ಮುಂಜಾನೆಯಷ್ಟೇ ಹಲ್ಲುನೋವಿಗೆಂದು ಬಂದು, ಫೋನ್ ನಂಬರನ್ನೂ ಬದಲಿಸಿ, ತಮಗೆ ಆಗದ ಅದೇ ಪೆನಿಸಿಲಿನ್ ಜಾತಿಯ ಮಾತ್ರೆ ತೆಗೆದುಕೊಂಡು ಹೋಗಿದ್ದರು.

ಹೊಸ ನಂಬರಿಗೆ ಹನ್ನೊಂದು ಸಲ ಕರೆ ಮಾಡಿದೆ. ಯಾರೂ ಎತ್ತಲಿಲ್ಲ.

ಸರ್ ಸ್ಕೂಟರ್ ತೆಗೆದರು. ನಾನು ಹಿಂದೆ ಕುಳಿತೆ. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಊದಿದ ಗಂಟಲು, ಉಸಿರಿಗೆ ಒದ್ದಾಡುವ ಒಬ್ಬ ಮನುಷ್ಯ. ಊರ ಹೊರಗೆ ಭೀಮಶಾ ಕುರಿಗಳ ನಡುವೆ ಬುತ್ತಿಯ ಗಂಟು ಬಿಚ್ಚುತ್ತಿದ್ದರು. ಮಾತ್ರೆಯ ಪೊಟ್ಟಣ ತೊಡೆಯ ಮೇಲಿತ್ತು. ಊಟವಾದ ಮೇಲೆ ನುಂಗಬೇಕೆಂದು ಹೇಳಿದ್ದರಂತೆ. ಊಟ ಇನ್ನೂ ಆಗಿರಲಿಲ್ಲ.

ಸರ್ ನಡೆದದ್ದನ್ನು ಹೇಳಿ, ಮಾತ್ರೆಗಳನ್ನು ತೆಗೆದುಕೊಂಡು ಕೈಮುಗಿದರು. “ತಪ್ಪು ನಂದದರಿ” ಎಂದರು. ನನ್ನ ಹೆಸರು ಹೇಳಲಿಲ್ಲ.

ಭೀಮಶಾ ನಕ್ಕರು. “ಬರೇ ನಂಬರ್ ಬದಲಿ ಮಾಡ್ರಿ ಅಂದಿದ್ದೆ ಸಾಹೇಬ್ರ. ನೀವು ಊರಽ ಬದಲಿ ಮಾಡಿ ಮ್ಯಾಲ ಕಳಸ್ತಿದ್ರಿ.”

ನನಗೆ ನಗಲಾಗಲಿಲ್ಲ.

ಆಡಳಿತ ಮಂಡಳಿಗೆ ಕೊಟ್ಟ ಪತ್ರದಲ್ಲೂ ಸರ್ ತಪ್ಪನ್ನು ತಮ್ಮ ಮೇಲೆಯೇ ಬರೆದುಕೊಂಡರು. ಆದರೆ ಇನ್ನೂರ ಹದಿನಾಲ್ಕು ಮನೆಗಳಿಗೂ ಕರೆ ಮಾಡುವ ಕೆಲಸವನ್ನು ನನಗೇ ಕೊಟ್ಟರು. ಹಳೆಯ ದಾಖಲೆಯನ್ನು ಮೊದಲು ತೆರೆದು, ಬದಲಾದದ್ದನ್ನಷ್ಟೇ ಬರೆದು, ಹಿಂದಿನದನ್ನು ಬೇರೆ ಕಡೆ ಕಾಪಿಡುವ ಪದ್ಧತಿ ನಮ್ಮಲ್ಲಿ ಶುರುವಾದದ್ದು ಆ ವಾರ.

ಮೊನ್ನೆ ಸರ್ ಸರ್ವರಿನ ಪಾಸ್‌ವರ್ಡ್ ನನ್ನ ಕೈಗೆ ಕೊಟ್ಟಾಗ, ಆ ದಿನದ ಅಂಜಿಕೆ ಅವರಿಂದ ಯಾವಾಗ ಹೋಯಿತೆಂದು ಕೇಳಿದೆ.

“ಎಲ್ಲಿ ಹೋಗ್ಯದ ಬೇಟಾ? ಭೀಮಶಾ ಅವತ್ತ ಲಗೂನ ಉಂಡಿದ್ರ ಹ್ಯಾಂಗ ಅಂತ ಈಗೂ ಅನಸ್ತದ.”

ಜಲಾಲುದ್ದೀನ್ ಸರ್ ನೂರ್ಕಾಲ ಆರೋಗ್ಯವಾಗಿರಲಿ; ಬಸವಕಲ್ಯಾಣದ ತಮ್ಮ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಅವರ ಬಯಕೆ ನೆರವೇರಲಿ. ಆರು ವರ್ಷ ಅವರು ಹೊತ್ತ ಅಂಜಿಕೆ ನಿಜವಾಗಿ ನನ್ನದು. ಇನ್ನಾದರೂ ಅದು ಅವರನ್ನು ಬಿಟ್ಟು ನನ್ನ ಬಳಿ ಬರಲಿ.