ಎರೆ ಹಾದಿಗೆ ಜೀಪು ಸಜ್ಜಾದದ್ದು

ನಮ್ಮಣ್ಣನಿಗೆ ಅಕ್ಷರ ಬರುತ್ತಿರಲಿಲ್ಲ, ಸ್ಪ್ಯಾನರಿನ ಮೇಲಿನ ನಂಬರು ಮಾತ್ರ ಬರುತ್ತಿತ್ತು. ನಾನು ಟಿ.ಸಿ.ಎಚ್. ಮುಗಿಸಿ, ಟೀಚರ್ ಕೆಲಸದ ಆರ್ಡರು ಕೈಗೆ ಬಂದ ದಿನ ಅವನು ಆ ಕಾಗದವನ್ನು ತಲೆಕೆಳಗಾಗಿ ಹಿಡಿದು, ಬಹಳ ಹೊತ್ತು ನೋಡಿ, "ಬರೋಬರಿ ಅದ" ಅಂದ.

ಎಂಬತ್ತರ ದಶಕದ ಆರಂಭದ ಮಾತು. ನಾವು ಮೂಲ ಮಾನ್ವಿ ತಾಲೂಕಿನ ಕುರ್ಡಿಯವರು. ಅಪ್ಪ, ಅವ್ವ ಕೂಲಿ ಹುಡುಕಿಕೊಂಡು ರಾಯಚೂರಿಗೆ ಬಂದು ಅಕ್ಕಿ ಗಿರಣಿ ಸೇರಿದ್ದರು. ಅಪ್ಪ ಚೀಲ ಹೊರುತ್ತಿದ್ದ, ಅವ್ವ ನೆಲ್ಲು ಒಣಗಿಸುತ್ತಿದ್ದಳು. ಇಬ್ಬರನ್ನೂ ಓದಿಸುವಷ್ಟು ತಾಕತ್ತಿಲ್ಲ ಎಂದಾಗ ಅಣ್ಣ ತಾನೇ ಪಾಟಿ ಬಿಸಾಕಿ ಗ್ಯಾರೇಜಿಗೆ ಹೋದ. ಓದಿನ ಕಾಟ ತಪ್ಪಿತೆಂದು ಖುಷಿಪಟ್ಟೆ ಅಂತ ಅವನು ಹೇಳುತ್ತಿದ್ದ. ನಾನು ಬಹಳ ವರ್ಷ ಅದನ್ನು ನಂಬಿದ್ದೆ.

ಆರ್ಡರಿನಲ್ಲಿದ್ದದ್ದು ದೇವದುರ್ಗ ತಾಲೂಕಿನ ಒಂದು ಹಳ್ಳಿ. ಮಸರಕಲ್ಲಿನವರೆಗೆ ಡಾಂಬರು ರಸ್ತೆ, ಅಲ್ಲಿಂದ ಒಳಗೆ ಒಂದೂವರೆ ಹರದಾರಿ ಕಪ್ಪು ಎರೆ ಮಣ್ಣಿನ ಹೊಲಗಳ ನಡುವೆ ಬಂಡಿ ಜಾಡು, ಮಧ್ಯೆ ಒಂದು ಹಳ್ಳ. ಕಾಗದದ ಕೊನೆಯ ಸಾಲಿನಲ್ಲಿ, ಹದಿನೈದು ದಿನದೊಳಗೆ ಹಾಜರಾಗದಿದ್ದರೆ ಆದೇಶ ರದ್ದು ಎಂದಿತ್ತು. ನಮ್ಮ ಮನೆತನದಲ್ಲಿ ಸರ್ಕಾರಿ ನೌಕರಿ ಎಂಬುದನ್ನು ಕಂಡವರೇ ಇರಲಿಲ್ಲ. ಆ ಸಾಲನ್ನು ಅಣ್ಣನಿಗೆ ಮೂರು ಸಲ ಓದಿ ಹೇಳಿದೆ. ಮೂರೂ ಸಲ ಅವನು, "ಹದಿನೈದು ದಿನ ಅಂದ್ರ ಭಾಳ ಆತಬೇ" ಅಂದ.

ಮರುದಿನವೇ ಬಸ್ಸು ಹತ್ತಿ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅಣ್ಣ ಕೇಳಲಿಲ್ಲ. "ಟೀಚರ್ ಆಗಾಕ ಹೊಂಟಾಕಿ ಬಸ್ಸಿನ್ಯಾಗ ಜೋತಾಡಿಕೋತ ಹೋಗ್ತೀಯೇನು? ಜೀಪಿನ್ಯಾಗ ಇಳಸ್ತೀನಿ, ಊರ ಮಂದಿ ಎದ್ದು ನಿಂತು ನೋಡಬೇಕು!" ಸುಳ್ಳು ಯಾಕೆ ಹೇಳಲಿ, ಊರ ಮಂದಿ ಎದ್ದು ನಿಂತು ನೋಡಲಿ ಅಂತ ನನಗೂ ಆಸೆ ಹುಟ್ಟಿತು. ಕೆಲಸ ಕೆಟ್ಟದ್ದು ಅಲ್ಲೇ.

ಗ್ಯಾರೇಜಿನ ಹಿಂದೆ, ಬೇವಿನ ಗಿಡದ ಕೆಳಗೆ, ಹರಾಜಿನಲ್ಲಿ ಬಂದ ಒಂದು ಹಳೇ ಜೀಪು ಬಿದ್ದಿತ್ತು. ನಾಲ್ಕೂ ಗಾಲಿ ಎಳೆಯುವ ಜೀಪು ಅಂತ ಹೆಸರಿಗೆ ಮಾತ್ರ. ಮುಂದಿನ ಗಾಲಿಗೆ ಜೋರು ಕೊಡುವ ಸಲಾಕೆಯನ್ನು ಯಾರೋ ಪುಣ್ಯಾತ್ಮರು ಮೊದಲೇ ಬಿಚ್ಚಿಕೊಂಡು ಹೋಗಿದ್ದರು. ಸೀಟಿನೊಳಗೆ ಕೋಳಿ ಕಾವಿಗೆ ಕೂತಿತ್ತು. ಗ್ಯಾರೇಜಿನ ಮಾಲೀಕರನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಅಣ್ಣ ಕೇಳಿದಾಗ ಅವರು ಗಡ್ಡ ಕೆರೆದುಕೊಂಡು, "ತಗೊಂಡ್ಹೋಗೋ ಬೇಟಾ. ಕೋಳಿ ಮಾತ್ರ ನಂದು" ಅಂದರು.

ಶುರುವಾಯಿತು ನೋಡಿ. ಗುಜರಿಯಿಂದ ಸಲಾಕೆ ತಂದು ಮುಂದಿನ ಗಾಲಿಗೆ ಜೀವ ಕೊಟ್ಟ. ಮಾನ್ವಿ ಕಡೆ ಕಾಲುವೆ ನೀರು ಬಂದು ಗದ್ದೆಗಳಾಗಿ ಟ್ರ್ಯಾಕ್ಟರುಗಳು ಹೆಚ್ಚಾಗಿದ್ದವಲ್ಲ, ಅಲ್ಲಿಗೆ ಹೋಗಿ ಟ್ರೇಲರಿನ ಅಗಲ ಟೈರು ನಾಲ್ಕು ಬಸ್ಸಿನ ಮೇಲೆ ಹಾಕಿಕೊಂಡು ಬಂದ. ಸವೆದ ಟೈರಿಗೆ ಮನೆ ಮುಂದೆಯೇ ಕಾಸಿದ ಕಬ್ಬಿಣದಿಂದ ಗೆರೆ ಕೊರೆದ. ಮನೆಯೆಲ್ಲ ಸುಟ್ಟ ರಬ್ಬರಿನ ವಾಸನೆ, ಎರಡು ದಿನ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಅಗಲ ಟೈರು ಒಳಗೆ ಕೂರಲು ಬಾಡಿ ಎತ್ತರವಾಗಬೇಕು ಅಂತ ಲಾರಿಯ ಪಾಟಾ, ಅಂದರೆ ಗಾಲಿಯ ಮೇಲೆ ಬಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳನ್ನು, ಜೀಪಿಗೆ ಬಿಗಿದ. ಹಳ್ಳದ ನೀರು ಹೋಗಬಾರದು ಅಂತ ಹೊಗೆ ಕೊಳವೆಯನ್ನು ತಲೆ ಮೇಲಕ್ಕೆ ಏರಿಸಿದ. ಈಗ ಜೀಪು ಹತ್ತಲು ಸ್ಟೂಲು ಬೇಕಾಯಿತು.

ಮೊದಲ ಪರೀಕ್ಷೆಗೆ ಉಸ್ತಾದರನ್ನು ಕೂರಿಸಿಕೊಂಡು ಸ್ಟೇಷನ್ ರಸ್ತೆಗೆ ಹೋದ. ಲಾರಿಯ ಪಾಟಾ ಹತ್ತು ಟನ್ ಹೊತ್ತು ಬಾಗುವಂಥದ್ದು, ಇವರಿಬ್ಬರ ಭಾರಕ್ಕೆ ಯಾಕೆ ಬಾಗೀತು? ಗುಂಡಿ ಬಂದಲ್ಲೆಲ್ಲ ಜೀಪು ಆಡಿನಂತೆ ಜಿಗಿಯಿತು. ಉಸ್ತಾದರು ಎರಡು ಸಲ ಮೇಲಿನ ಸರಳಿಗೆ ತಲೆ ಹೊಡೆಸಿಕೊಂಡು, ಮೂರನೆಯ ಸಲ ಟೋಪಿಯನ್ನು ಚರಂಡಿಗೆ ಕಳೆದುಕೊಂಡು, ವಾಪಸು ಆಟೋದಲ್ಲಿ ಬಂದರು. "ಗಾಡಿ ಫಸ್ಟ್ ಕ್ಲಾಸ್ ಅದ," ಅಂದರು ತಲೆ ಒತ್ತಿಕೊಳ್ಳುತ್ತ, "ಆದ್ಮಿ ಮಾತ್ರ ಒಳಗ ಕೂಡಬಾರದು."

ಅಣ್ಣ ಎರಡು ಪಟ್ಟಿ ಬಿಚ್ಚಿ ಸರಿಮಾಡಿದ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅವ್ವ ನನಗಾಗಿ ಬಿಳಿ ನೆಲದ ಸೀರೆ ತಂದಿದ್ದಳು. ಅದನ್ನು ನೋಡಿದ್ದೇ ಅಣ್ಣನ ತಲೆಯಲ್ಲಿ ಹುಳ ಹೊಕ್ಕಿತು. ಕೆಸರು ಸಿಡಿದು ಸೀರೆ ಕೆಡಬಾರದು! ಡಾಂಬರಿನ ಡ್ರಮ್ಮುಗಳನ್ನು ಸೀಳಿ, ಬಡಿದು, ನಾಲ್ಕೂ ಗಾಲಿಗೆ ಆನೆಯ ಕಿವಿಯಷ್ಟು ದೊಡ್ಡ ಮಡ್‌ಗಾರ್ಡ್ ಮಾಡಿದ. ಟೈರಿಗೂ ಅದಕ್ಕೂ ನಡುವೆ ಒಂದು ಬೆರಳಿನ ಸಂದು. ಬೋಲ್ಟು ಸಡಿಲಾದೀತೆಂದು ಸುತ್ತ ವೆಲ್ಡಿಂಗ್ ಬೇರೆ.

ಗಿರಣಿಯಿಂದ ಬಂದ ಅಪ್ಪ ಮನೆ ಮುಂದೆ ನಿಲ್ಲಿಸಿದ್ದ ಜೀಪಿನ ಸುತ್ತ ಒಂದು ಸುತ್ತು ಹಾಕಿದ. "ಮಳಿ ಬಂದಾಗ ಎರಿ ಹೊಲದಾಗ ಚಪ್ಪಲಿ ಹಾಕ್ಕೊಂಡು ಯಾರರ ನಡೀತಾರೇನಲೇ?" ಅಂತ ಕೇಳಿದ.

"ಯಪ್ಪಾ, ಇದು ಚಪ್ಪಲಿ ಅಲ್ಲ, ಜೀಪು" ಅಂದ ಅಣ್ಣ.

ಅಪ್ಪ ಬೀಡಿ ಹಚ್ಚಿದ. ಸಾಲಿ ಕಲಿತ ನನಗೂ ಆ ಮಾತು ತಲೆಗೆ ಹೋಗಲಿಲ್ಲ.

ಹೀಗೆ ಹದಿಮೂರು ದಿನ ಮುಗಿದವು. ಹದಿನಾಲ್ಕನೆಯ ದಿನ ಅಮಾವಾಸ್ಯೆ, ಅವ್ವ ಹೊಸ್ತಿಲು ದಾಟಗೊಡಲಿಲ್ಲ. ಅವತ್ತೇ ಮಳೆ ಹಿಡಿಯಿತು. ಹದಿನೈದನೆಯ ದಿನ ಬೆಳಗ್ಗೆ ನಾನು ಬಿಳಿ ಸೀರೆ ಉಟ್ಟು, ಸ್ಟೂಲು ಹತ್ತಿ, ಜೀಪಿನಲ್ಲಿ ಕೂತೆ. ಮಸರಕಲ್ ತನಕ ಮಹಾರಾಣಿಯ ಹಾಗೆ ಹೋದೆ. ಒಂದು ಹನಿ ಕೆಸರು ಸಿಡಿಯಲಿಲ್ಲ. ಅಣ್ಣ ಪ್ರತಿ ಮೈಲಿಗೊಮ್ಮೆ ನನ್ನ ಸೀರೆಯ ಅಂಚು ನೋಡಿ ಮೀಸೆ ತಿರುವುತ್ತಿದ್ದ.

ಮಸರಕಲ್ಲಿನ ಚಹದ ಅಂಗಡಿ ಮುಂದೆ ಧೋತರ ಉಟ್ಟ ಹಿರಿಯರೊಬ್ಬರು, ಬಗಲಲ್ಲಿ ಕೊಡೆ, ಕೈಯಲ್ಲಿ ಚೀಲ, ನಮ್ಮ ಜೀಪು ಒಳಹಾದಿಗೆ ತಿರುಗಿದ್ದು ಕಂಡು ಕೈ ಅಡ್ಡ ಹಿಡಿದರು. ಅಣ್ಣ ತಲೆ ಹೊರಗೆ ಹಾಕಿ, "ಇದು ಟೀಚರ್ ಜೀಪು ರೀ. ಸಿಕ್ಕಸಿಕ್ಕವರನ್ನ ಹತ್ತಿಸಂಗಿಲ್ಲ!" ಅಂತ ಹೇಳಿ ಗೇರು ಹಾಕಿದ. ನಾನೂ ಸುಮ್ಮನಿದ್ದೆ. ಸುಮ್ಮನಿದ್ದೆ ಏನು ಬಂತು, ಸ್ವಲ್ಪ ಬೀಗಿದೆ ಅಂತಲೇ ಹೇಳಬೇಕು.

ಎರೆ ಜಾಡಿಗೆ ಇಳಿದು ನೂರು ಮಾರು ಹೋಗಿರಲಿಲ್ಲ, ಜೀಪು ನರಳತೊಡಗಿತು. ಇನ್ನೂ ನೂರು ಮಾರಿಗೆ ನಿಂತೇಬಿಟ್ಟಿತು. ಹೂತಿರಲಿಲ್ಲ, ಮೇಲೆಯೇ ಇತ್ತು. ಗಾಲಿ ತಿರುಗುತ್ತಿರಲಿಲ್ಲ ಅಷ್ಟೆ. ಎರೆ ಮಣ್ಣಿನ ಗುಣವೇ ಅದು. ಹಸಿಯಾದರೆ ಮುಟ್ಟಿದ್ದಕ್ಕೆ ಅಂಟುತ್ತದೆ, ಅಂಟಿದ್ದರ ಮೇಲೆ ಮತ್ತೆ ಅಂಟುತ್ತದೆ. ಟೈರಿನ ಮಣ್ಣು ಏರಿ ಏರಿ ಒಂದು ಬೆರಳಿನ ಸಂದಿಯಲ್ಲಿ ತುಂಬಿ, ಮಡ್‌ಗಾರ್ಡು, ಮಣ್ಣು, ಗಾಲಿ ಮೂರೂ ಒಂದೇ ಮುದ್ದೆಯಾಗಿದ್ದವು.

ಪಕ್ಕದ ಹೊಲದ ಬದುವಿನ ಮೇಲೆ ಕಂಬಳಿ ಹೊದ್ದ ಒಬ್ಬ ಮುದುಕ ಕೂತು, ನಮ್ಮನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದ. ಎದ್ದು ಬಂದ. ಎತ್ತು ಹೊಡೆಯುವ ಅವನ ಬಾರಕೋಲಿನ ಬುಡಕ್ಕೆ ಕಬ್ಬಿಣದ ಚಪ್ಪಟೆ ಹಲ್ಲಿತ್ತು, ಕುಂಟೆಗೆ ಮೆತ್ತಿದ ಮಣ್ಣು ಕೆರೆಯಲು ರೈತರು ಇಟ್ಟುಕೊಳ್ಳುವಂಥದ್ದು. ಅದರಿಂದ ನಾಲ್ಕೂ ಗಾಲಿ ಕೆರೆದು ಕೊಟ್ಟ. ಹತ್ತು ಮಾರು ಹೋದೆವು, ಮತ್ತೆ ತುಂಬಿತು. ಮುದುಕ ಮತ್ತೆ ಬಂದು ಕೆರೆದ. ಮತ್ತೆ ಹತ್ತು ಮಾರು. ಮೂರನೆಯ ಸಲ ಅವನು ಕೆರೆಯಲಿಲ್ಲ, ಬಾರಕೋಲಿನಿಂದ ಮಡ್‌ಗಾರ್ಡಿನ ಮೇಲೆ ಟಣ್ ಅಂತ ಬಡಿದ.

"ತಮ್ಮಾ, ಎತ್ತಿನ ಬಂಡಿಗೆ ಇಂಥಾದ್ದು ನೋಡೀಯೇನು?"

"ಇಲ್ಲ."

"ಯಾಕ ಇಲ್ಲ?"

ಅಣ್ಣ ತಲೆ ಕೆರೆದುಕೊಂಡ. ಉತ್ತರ ನನಗೆ ಹೊಳೆಯಿತು. ಅಪ್ಪನ ಚಪ್ಪಲಿಯ ಮಾತೂ ಆಗಲೇ ತಲೆಗೆ ಹತ್ತಿತು. ನಮ್ಮ ಹಿರಿಯರು ಎಷ್ಟು ತಲೆಮಾರು ಈ ಮಣ್ಣನ್ನೇ ತುಳಿದು, ಇದರಲ್ಲೇ ಕೂಲಿ ಮಾಡಿದವರು. ನಾವು ಒಂದು ತಲೆಮಾರು ರಾಯಚೂರಿನ ನೀರು ಕುಡಿದದ್ದಕ್ಕೆ ಎಲ್ಲ ಮರೆತು ಕೂತಿದ್ದೆವು.

"ಕಿತ್ತಿ ಒಗಿ" ಅಂದೆ.

"ಸೀರಿ ಕೆಡ್ತದಬೇ" ಅಂದ.

ನನ್ನ ಸಿಟ್ಟು ನೆತ್ತಿಗೇರಿತು. "ನೌಕರಿ ಹೋದಮ್ಯಾಗ ಈ ಸೀರಿ ಉಟಗೊಂಡು ಗಿರಣ್ಯಾಗ ನೆಲ್ಲು ಒಣಗಸ್ಲೇನು? ಕೀಳ್ತೀಯೋ, ನಾ ಕೀಳ್ಲೋ?"

ಅಣ್ಣ ಉಳಿ, ಸುತ್ತಿಗೆ ತೆಗೆದ. ತನ್ನದೇ ವೆಲ್ಡಿಂಗು, ಗಟ್ಟಿಯಾಗೇ ಮಾಡಿದ್ದ. ಒಂದೊಂದು ಕೀಳಲು ಒಂದೊಂದು ಗಂಟೆಯಾದಂತೆ ಅನಿಸಿತು. ಪ್ರತಿ ಏಟಿಗೂ ತನ್ನನ್ನೇ ಬೈದುಕೊಳ್ಳುತ್ತಿದ್ದ. ಕಿತ್ತ ನಾಲ್ಕನ್ನೂ ಮುದುಕ ಎತ್ತಿಕೊಂಡ. ಒಂದು ಕೋಳಿ ಗೂಡಿಗೆ, ಮೂರು ಹಿತ್ತಲ ಬೇಲಿಗೆ ಅಂತ ಅವನು ಆಗಲೇ ಲೆಕ್ಕ ಹಾಕಿಯಾಗಿತ್ತು.

ಆಮೇಲೆ ಜೀಪು ಓಡಿದ ಓಟ ಏನು ಹೇಳಲಿ! ನಾಲ್ಕು ಗಾಲಿ ನಾಲ್ಕು ದಿಕ್ಕಿಗೆ ಮಣ್ಣು ತೂರಿದವು. ಎದುರಿನ ಗಾಜಿಗೆ, ಅಣ್ಣನ ಬಾಯಿಗೆ, ನನ್ನ ಕಣ್ಣಿಗೆ, ಕಿವಿಯ ಕೊಪ್ಪಿಗೆ, ಎಣ್ಣೆ ಹಚ್ಚಿ ಬಾಚಿದ ತಲೆಗೆ. ಹಳ್ಳವನ್ನು ಒಂದೇ ಉಸಿರಿಗೆ ದಾಟಿತು. ಊರು ಸೇರುವಾಗ ಬಿಳಿ ಸೀರೆಯಲ್ಲಿ ಬಿಳಿ ಹುಡುಕಬೇಕಾಗಿತ್ತು. ಊರ ಮಂದಿ ನಿಜವಾಗಿಯೂ ಎದ್ದು ನಿಂತು ನೋಡಿದರು.

ಸಾಲೆಗೆ ಬೀಗ. ಮಳೆಗೆ ಮಕ್ಕಳು ಬಂದಿಲ್ಲ. ಇರುವ ಒಬ್ಬರೇ ಮಾಸ್ತರು, ಅವರೇ ಹೆಡ್ ಮಾಸ್ತರು. ಅವರ ಸಹಿ ಬೀಳದೆ ನಾನು ಹಾಜರಾದಂತೆ ಆಗುವುದಿಲ್ಲ. "ಮಾಸ್ತರು ಮುಂಜಾನಿ ಟಪಾಲು ತರಾಕ ಮಸರಕಲ್ಲಿಗೆ ಹೋಗ್ಯಾರ್ರೀ," ಅಂದಳು ಎದುರು ಮನೆಯ ಹೆಂಗಸು. "ಈ ಹಾದ್ಯಾಗ ಇವತ್ತು ಹೊಳ್ಳಿ ಬರಂಗಿಲ್ಲ."

"ಹೆಂಗದಾರವ್ವಾ ಅವರು?" ಅಂತ ಕೇಳಿದ ಅಣ್ಣ, ಸಣ್ಣ ದನಿಯಲ್ಲಿ.

"ಧೋತರ ಉಟ್ಟಿರ್ತಾರ. ಬಗಲಾಗ ಒಂದು ಕೊಡಿ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೂ ಮಣ್ಣೇ ಕಾಣುತ್ತಿತ್ತು.

ಮತ್ತೆ ಹಳ್ಳ, ಮತ್ತೆ ಎರೆ, ಮತ್ತೆ ಮಸರಕಲ್. ಅವರು ಅದೇ ಚಹದ ಅಂಗಡಿಯಲ್ಲಿ ಕೂತಿದ್ದರು. ಅಣ್ಣ ಇಳಿದು ಸೀದಾ ಕಾಲಿಗೆ ಬಿದ್ದ. ಅವರು ಎರಡು ಹೆಜ್ಜೆ ಹಿಂದೆ ಸರಿದು, "ಯಾರಪ್ಪಾ ನೀನು?" ಅಂದರು.

"ಮುಂಜಾನಿ ನಿಮಗ ಸೊಕ್ಕಿಲೆ ಮಾತಾಡಿದವ ನಾನೇ ರೀ. ಇಕಿ ನಿಮ್ಮ ಸಾಲಿಗೆ ಬಂದ ಟೀಚರು. ಇವತ್ತು ಕಡೀ ದಿನ. ಬೇಕಂದ್ರ ನಾಕು ಏಟು ಹೊಡೀರಿ, ಆದ್ರ ಹೊಡ್ಕೋತನ ಜೀಪು ಹತ್ರಿ."

ಹೆಡ್ ಮಾಸ್ತರು ನನ್ನನ್ನು ನೋಡಿದರು, ಜೀಪನ್ನು ನೋಡಿದರು, ತಮ್ಮ ಧೋತರವನ್ನು ನೋಡಿದರು. ಒಂದು ನಿಟ್ಟುಸಿರು ಬಿಟ್ಟು, ಅಣ್ಣ ಜೀಪಿನಿಂದ ಇಳಿಸಿಟ್ಟ ಸ್ಟೂಲು ಹತ್ತಿದರು. ಕೊಡೆಯನ್ನು ಮುಂದಕ್ಕೆ ಬಿಚ್ಚಿ ಹಿಡಿದರು, ಮೊದಲ ತಿರುವಿಗೇ ಅದು ಹಾರಿಹೋಯಿತು. ಊರಿಗೆ ಬರುವಷ್ಟರಲ್ಲಿ ನಾವು ಮೂವರೂ ಒಂದೇ ಬಣ್ಣದವರಾಗಿದ್ದೆವು.

ಸಾಲೆಯ ವೇಳೆ ಮುಗಿಯುವ ಐದು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಅವರು ಬೀಗ ತೆಗೆದು, ಕೈ ತೊಳೆದು, ಕಪಾಟಿನಿಂದ ಹಾಜರಿ ಪುಸ್ತಕ ತೆಗೆದರು. ನನ್ನ ಆರ್ಡರು ಓದಿದರು. ಹೆಸರು ಓದಿದರೆ ನಾವು ಯಾವ ಕೇರಿಯವರೆಂದು ಗೊತ್ತಾಗುತ್ತದೆ. ನಾನು ನಿಂತೇ ಪುಸ್ತಕದ ಮೇಲೆ ಬಗ್ಗಿ ಪೆನ್ನು ಎತ್ತಿಕೊಂಡೆ. ಅವರು ತಲೆ ಎತ್ತದೆ, "ನಿಂತ ಯಾಕ ಬರೀತೀರಿ? ಕುರ್ಚಿ ಅದ ಅಲ್ಲ, ಕೂಡ್ರಿ ಟೀಚರ್" ಅಂದರು. ಕೆಸರು ಹತ್ತುತ್ತದೆ ಅಂದೆ. "ನನ್ನ ಕುರ್ಚಿಗೆ ಈಗಾಗಲೇ ಹತ್ತೇದ" ಅಂದರು. ನಾನು ಕೂತು, ನನ್ನ ಹೆಸರು ಬರೆದು, ತಂದೆಯ ಹೆಸರು ಬರೆದು, ಸಹಿ ಹಾಕಿದೆ.

ಅಣ್ಣ ಬಾಗಿಲ ಹೊರಗೇ ನಿಂತಿದ್ದ. ಹೆಡ್ ಮಾಸ್ತರು ಬಾ ಅಂದ ಮೇಲೆ ಒಳಗೆ ಬಂದು, ಕೈ ಹಿಂದೆ ಕಟ್ಟಿಕೊಂಡು, ಪುಸ್ತಕ ಮುಟ್ಟದೆ ಬಗ್ಗಿ ನೋಡಿದ. "ಇದರಾಗ ಅಪ್ಪನ ಹೆಸರು ಯಾವುದು?" ಅಂತ ಕೇಳಿದ. ಬೆರಳಿಟ್ಟು ತೋರಿಸಿದೆ. ಗಿರಣಿಯ ಕೂಲಿ ಪಟ್ಟಿಯಲ್ಲಿ ಅಪ್ಪನದು ಹೆಬ್ಬೆಟ್ಟಷ್ಟೇ ಇರುತ್ತಿತ್ತು. ಅಣ್ಣ ಆ ನಾಲ್ಕು ಅಕ್ಷರವನ್ನು ನೋಡಿದ, ಮತ್ತೆ ನೋಡಿದ, ಆಮೇಲೆ ನನ್ನ ಮೇಲೆ ರೇಗಿದ.

"ಇಷ್ಟು ಸಣ್ಣಾಗಿ ಯಾಕ ಬರದೀಬೇ? ಜಾಗ ಇತ್ತಲ್ಲ, ಒಂದೀಟು ದೊಡ್ಡದಾಗಿ ಬರೀಬೇಕಿಲ್ಲೇನು?"